ಗೋಡೆಯ ಮೇಲೆ ಬರೆದಿಟ್ಟ ಮರಿ

ನಮ್ಮ ಭಾವನಿಗೆ ಬರೆಯಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಎಲ್ಲಿ ಬರೆಯಬೇಕೋ ಅಲ್ಲಿ ಬರೆಯುವುದಿಲ್ಲ, ಅಷ್ಟೇ. ಅಕ್ಕನ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಗ್ಯಾಸ್ ಸಿಲಿಂಡರ್ ಬಂದ ತಾರೀಖು ಇದೆ. ಬಚ್ಚಲುಮನೆಯ ಬಾಗಿಲ ಹಿಂದೆ ಕೊಳಾಯಿ ರಿಪೇರಿಯವನ ಫೋನ್ ನಂಬರಿದೆ. ಮಗಳಿಗೆ ನಾಲ್ಕು ವರ್ಷವಿದ್ದಾಗ ಜ್ವರ ಎಷ್ಟು ಡಿಗ್ರಿಗೆ ಏರಿತ್ತು ಎಂಬುದು ಮಲಗುವ ಕೋಣೆಯ ಸ್ವಿಚ್ಚಿನ ಕೆಳಗೆ ಇವತ್ತಿಗೂ ಇದೆ. ಆ ಮಗಳು ಈಗ ಇನ್ನೊಬ್ಬರಿಗೆ ಜ್ವರದ ಔಷಧಿ ಕೊಡುವ ನರ್ಸ್. ಮನೆಯಲ್ಲಿ ನೋಟ್‌ಬುಕ್ಕಿಗೆ ಬರವೇನಿಲ್ಲ. ಪ್ರತಿ ವರ್ಷ ನಾನೇ ಒಂದು ತಂದುಕೊಡುತ್ತೇನೆ. ಅಕ್ಕ ಅದರ ಹಾಳೆ ಹರಿದು ಕಪಾಟಿನ ಡಬ್ಬಿಗಳ ಕೆಳಗೆ ಹಾಸುತ್ತಾಳೆ.

ಇಂಥ ಮನುಷ್ಯರ ಕೈಗೆ, ಎಲ್ಲ ದೇಶಗಳ ಮೃಗಾಲಯಗಳನ್ನು ಜಾಲಾಡಿದರೂ ಅರವತ್ತಮೂರೇ ಸಿಗುವಂಥ ಕರಡಿಗಳನ್ನು ಕೊಟ್ಟಿದ್ದರು. ಆ ಕರಡಿಗಳ ದಾಖಲೆಯನ್ನು ನನ್ನ ಕೈಗೆ ಕೊಟ್ಟಿದ್ದರು. ನನ್ನ ಹಣೆಬರಹ. ಭಾವ ಹತ್ತೊಂಬತ್ತನೇ ವಯಸ್ಸಿಗೆ ಪಂಜರ ತೊಳೆಯುವ ಕೆಲಸಕ್ಕೆ ಸೇರಿ ಪ್ರಾಣಿಪಾಲಕರಾದವರು. ನನಗೆ ದಾಖಲೆ ಕೋಣೆಯಲ್ಲಿ ಗುಮಾಸ್ತೆಯ ಕೆಲಸ ಕೊಡಿಸಿದವರೂ ಅವರೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೂವತ್ತು ವರ್ಷದಲ್ಲಿ ಅವರು ನನ್ನ ಜೀವ ತಿಂದದ್ದು ನೋಡಿದರೆ ಆ ಋಣ ಎಂದೋ ತೀರಿದೆ.

ಕರಡಿಗಳ ವಿಷಯ ಸ್ವಲ್ಪ ಹೇಳಬೇಕು. ಇವು ಬೆಟ್ಟದ ಕರಡಿಗಳು. ಕಂದು ಕರಡಿಯಲ್ಲೇ ಒಂದು ಒಳಬಗೆ. ಪುಸ್ತಕದವರು ಉಪಪ್ರಭೇದ ಅನ್ನುತ್ತಾರೆ. ಮೈ ಒಂದಿಷ್ಟು ಚಿಕ್ಕದು, ಕೂದಲು ಒಂದಿಷ್ಟು ಮಾಸಲು. ನಮ್ಮ ಕರಡಿಮನೆಯ ಎದುರು ಸಾಲಿನಲ್ಲಿರುವುದು ಬಯಲ ಕರಡಿ. ಅದೂ ಕಂದು ಕರಡಿಯೇ, ಆದರೆ ಬೇರೆ ಒಳಬಗೆ, ಎಲ್ಲಿ ನೋಡಿದರೂ ಬೇಕಾದಷ್ಟಿವೆ. ಮರಿಗಳಾಗಿದ್ದಾಗ ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಹುಟ್ಟಿದಾಗ ಅಂಗೈಯಷ್ಟೇ ಇರುತ್ತವೆ, ಕಣ್ಣು ಮುಚ್ಚಿರುತ್ತದೆ.

ಆ ಅರವತ್ತಮೂರಕ್ಕೂ ಸೇರಿ ಒಂದು ವಂಶಾವಳಿ ಪುಸ್ತಕವಿದೆ. ಸಮುದ್ರದಾಚೆಯ ಒಂದು ಮೃಗಾಲಯದಲ್ಲಿ ಒಬ್ಬ ಹೆಂಗಸು ಅದನ್ನು ಇಟ್ಟುಕೊಂಡು ಕೂತಿದ್ದಾರೆ. ಯಾರಿಗೆ ಯಾರು ತಾಯಿ, ಯಾರು ತಂದೆ, ಯಾರು ಯಾರ ಜೊತೆ ಸೇರಬಹುದು, ಯಾರು ಸೇರಬಾರದು, ಎಲ್ಲ ಅವರು ಹೇಳಿದ ಹಾಗೆ. ಮನುಷ್ಯರ ಸಂಬಂಧಕ್ಕೂ ಇಷ್ಟು ವಿಚಾರಣೆ ನಡೆಯುವುದಿಲ್ಲ. ಒಂದು ಕರಡಿಯ ತಾಯಿಯನ್ನು ತಪ್ಪಾಗಿ ಬರೆದರೆ ಅದರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರದ್ದೂ ತಪ್ಪಾಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಅವರಿಗೆ ನಾನು ವರದಿ ಕಳಿಸಬೇಕು: ತೂಕ ಎಷ್ಟು, ಏನು ತಿಂದಿತು, ಯಾವಾಗ ಗೂಡು ಸೇರಿತು.

ಆ ವರದಿ ಬರುವುದು ಎಲ್ಲಿಂದ? ರಿಜಿಸ್ಟರಿನಿಂದ ಬರಬೇಕು. ಬರುತ್ತಿದ್ದದ್ದು ಗೋಡೆಯಿಂದ. ಕರಡಿಮನೆಯ ಆಹಾರ ಕೋಣೆ ಎಂದರೆ ಒಂದು ಕಲ್ಲಿನ ಮೇಜು, ಎರಡು ದೊಡ್ಡ ಚಾಕು, ಒಂದು ತಕ್ಕಡಿ, ನಲ್ಲಿ, ಸಾಲು ಬಕೆಟ್ಟು. ನಲ್ಲಿಗೂ ಬಾಗಿಲಿಗೂ ನಡುವೆ ಎರಡು ಮಾರಿನಷ್ಟು ಬಿಳಿ ಗೋಡೆ. ಭಾವನ ಆಫೀಸು ಅದೇ. ಇದ್ದಿಲ ಚೂರು ಹಿಡಿದು ನಿಂತಲ್ಲೇ ಗೀಚುತ್ತಿದ್ದರು. 'ಅಜ್ಜಿ ಅರ್ಧ ಬಕೆಟ್ ಬಿಟ್ಟಳು.' 'ಸಿಡುಕಿ ಎಡಗಾಲು ಎತ್ತಿ ಇಡ್ತಾಳೆ.' ಅಜ್ಜಿ ಎಂದರೆ ನಮ್ಮ ಬೆಟ್ಟದ ಕರಡಿಗಳಲ್ಲಿ ಹಿರಿಯಳು. ಸಿಡುಕಿ ಎದುರು ಸಾಲಿನ ಬಯಲ ಕರಡಿ. ಆ ಹೆಸರು ಯಾರನ್ನು ನೋಡಿ ಇಟ್ಟದ್ದು ಎಂದು ಇಡೀ ಮೃಗಾಲಯಕ್ಕೆ ಗೊತ್ತಿತ್ತು, ನನ್ನೆದುರು ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಪ್ರತಿ ಶನಿವಾರ ನಾನು ರಿಜಿಸ್ಟರ್ ಎತ್ತಿಕೊಂಡು, ಕನ್ನಡಕ ಏರಿಸಿಕೊಂಡು, ಮೀನಿನ ವಾಸನೆಯ ನಡುವೆ ನಿಂತು ಆ ಗೋಡೆಯನ್ನು ನಕಲು ಮಾಡಬೇಕು.

ಒಂದು ಸಲ ವಂಶಾವಳಿಯವರು ಹೇಳಿದರೆಂದು ಅಜ್ಜಿಯ ಜೊತೆ ಒಂದು ಗಂಡನ್ನು ಬಿಟ್ಟೆವು. ಹತ್ತು ದಿನ ಒಟ್ಟಿಗೆ ಇರಬೇಕು ಎಂದು ಆದೇಶ. ಭಾವ ಮೂರನೇ ದಿನಕ್ಕೆ ನಡುವಿನ ಬಾಗಿಲು ಇಳಿಸಿ ಗೋಡೆಯ ಮೇಲೆ ಬರೆದರು: 'ಇವನು ಬೇಡವಂತೆ.' ಇದನ್ನು ಕಚೇರಿ ಭಾಷೆಗೆ ತಿರುಗಿಸಲು ನಾನು ಅರ್ಧ ದಿನ ತಲೆ ಕೆರೆದುಕೊಂಡೆ. ಮುಂದಿನ ವರ್ಷ ಬೇರೆ ಗಂಡು ಬಂದ, ಅವನು ಅಜ್ಜಿಗೆ ಒಪ್ಪಿಗೆಯಾದ. ಭಾವ ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು, ಅದೇ ನನಗೆ ಇನ್ನೂ ಸಿಟ್ಟು. ಚಳಿಗಾಲದಲ್ಲಿ ಬಸುರಿ ಕರಡಿ ಹುಲ್ಲಿನ ಗೂಡು ಸೇರಿದ ಮೇಲೆ ನೂರು ದಿನ ಯಾರೂ ಬಾಗಿಲು ಮುಟ್ಟಬಾರದು ಎಂಬುದು ನಿಯಮ. ಬೆದರಿದರೆ ತಾಯಿ ಮರಿಯನ್ನು ಕೊಂದೇಬಿಡುತ್ತದೆ. ಆಗ ಭಾವ ಗೂಡಿನ ಹೊರಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದರು. ಮರಿಗಳು ಹಾಲು ಕುಡಿಯುವಾಗ ಸಣ್ಣ ಮೋಟಾರಿನ ಹಾಗೆ ಗುಂಯ್‌ಗುಡುತ್ತವೆ. ಆ ಸದ್ದು ಕೇಳಿ ಎಷ್ಟು ಮರಿ, ಹೊಟ್ಟೆ ತುಂಬಿತೋ ಇಲ್ಲವೋ ಎಲ್ಲ ಹೇಳುತ್ತಿದ್ದರು.

ಏಳು ವರ್ಷದ ಹಿಂದಿನ ಚಳಿಗಾಲದಲ್ಲಿ ನನ್ನ ಸಹನೆ ಕೆಟ್ಟಿತು. ಆ ತಿಂಗಳ ತೂಕವನ್ನೆಲ್ಲ ಭಾವ ನಲ್ಲಿಯ ಪಕ್ಕ ಬರೆದಿದ್ದರು, ನೀರು ಸಿಡಿದು ಅಷ್ಟೂ ಅಳಿಸಿಹೋಗಿತ್ತು. ವಂಶಾವಳಿ ಕಚೇರಿಯಿಂದ ಬಂದ ಪತ್ರದಲ್ಲಿ ನನ್ನ ಹೆಸರು ಹಿಡಿದು, ದಾಖಲೆ ಇಡುವ ರೀತಿ ಇದೇನಾ ಎಂದು ಕೇಳಿದ್ದರು. ನಾನು ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಕರಡಿಮನೆಗೆ ಹೋದೆ.

"ಇನ್ಮೇಲೆ ನಾನು ಗೋಡೆ ಓದೋದಿಲ್ಲ ಭಾವ. ಬೇಕಾದ್ರೆ ರಿಜಿಸ್ಟರಲ್ಲಿ ಬರೀರಿ, ಇಲ್ದಿದ್ರೆ ನಿಮ್ಮ ಕರಡಿ ನಿಮಗೆ, ನನ್ನ ಪಾಡು ನನಗೆ," ಎಂದೆ.

"ಆಯ್ತು ಪುಟ್ಟಿ," ಎಂದರು ಭಾವ. ನನಗಾಗ ನಲವತ್ತೈದು ವಯಸ್ಸು. ಆಯ್ತು ಎಂದವರು ನನ್ನ ಕಣ್ಣೆದುರೇ ಇದ್ದಿಲು ಎತ್ತಿಕೊಂಡು 'ಪುಟ್ಟಿಗೆ ಸಿಟ್ಟು. ರಿಜಿಸ್ಟರ್' ಎಂದು ಗೋಡೆಯ ಮೇಲೆ ಬರೆದರು, ಮರೆಯಬಾರದು ಅಂತ. ನನಗೆ ಪಿತ್ತ ನೆತ್ತಿಗೇರಿತು. ಎರಡು ಶನಿವಾರ ಅತ್ತ ತಲೆಹಾಕಲಿಲ್ಲ. ಆಮೇಲೆ ಕೋಣೆಯಲ್ಲಿ ಕೂತು ಒಂದು ಮನವಿ ಬರೆದೆ: ಆಹಾರ ಕೋಣೆಯ ಗೋಡೆ ಕೊಳಕಾಗಿದೆ, ಸುಣ್ಣ ಬಳಿಸಬೇಕು. ಒಂದೇ ವಾರದಲ್ಲಿ ಸುಣ್ಣ ಬಳಿಯುವವನು ಬಂದು ಕೆಲಸ ಮುಗಿಸಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಷ್ಟು ದೊಡ್ಡ ಬಿಳಿ ಗೋಡೆ ನೋಡಿ ಹೊಟ್ಟೆ ತಣ್ಣಗಾಯಿತು.

ಆ ಚಳಿಗಾಲದಲ್ಲೇ ಅಜ್ಜಿಗೆ ಹೆಣ್ಣು ಮರಿ ಹುಟ್ಟಿತು. ಅದೇ ವಾರ ಸಿಡುಕಿಗೂ ಒಂದು ಹುಟ್ಟಿತ್ತು, ಉಳಿಯಲಿಲ್ಲ. ಡಾಕ್ಟರು ಬಕೆಟ್ಟಿನಲ್ಲಿದ್ದ ಸತ್ತ ಮರಿಯನ್ನು ನೋಡಿ 'ಸಿಡುಕಿಯ ಮರಿ, ಸಾವು' ಎಂದು ಚೀಟಿ ಬರೆದುಕೊಟ್ಟರು. ನಾನು ಎರಡನ್ನೂ ರಿಜಿಸ್ಟರಿಗೆ ಏರಿಸಿದೆ. ಅಜ್ಜಿಯ ಮರಿಗೆ ವಂಶಾವಳಿಯಲ್ಲಿ ನಂಬರು ಬಂತು. ಭಾವ ಅದನ್ನು ಕೂಸು ಎಂದು ಕರೆದರು. ಏಳು ವರ್ಷವಾಗಿ, ಬಾಗಿಲು ತುಂಬ ಬೆಳೆದು ನಿಂತರೂ ಅದು ಕೂಸೇ. ಬೆಟ್ಟದ ಕರಡಿಗೆ ಸ್ವಲ್ಪ ಜಾಸ್ತಿಯೇ ದೊಡ್ಡ ಮೈ. ಭಾವನ ಆರೈಕೆ ಎಂದುಕೊಂಡೆವು ಎಲ್ಲರೂ.

ಈ ವರ್ಷ ವಂಶಾವಳಿಯವರಿಂದ ಸುದ್ದಿ ಬಂತು. ಕೂಸಿಗೆ ಸಂಬಂಧ ಗೊತ್ತಾಗಿದೆ. ದೂರದ ಒಂದು ಮೃಗಾಲಯದಲ್ಲಿ, ಯಾರಿಗೂ ರಕ್ತಸಂಬಂಧವಿಲ್ಲದ ಪ್ರಾಯದ ಗಂಡು ಒಂದಿದೆ, ಅಂಥದ್ದು ಇರುವುದು ಅದೊಂದೇ. ಅದನ್ನು ಇಲ್ಲಿಗೆ ಕಳಿಸುವ ಪೆಟ್ಟಿಗೆಯೊಳಗೆ ನಡೆದು ಕೂರುವುದಕ್ಕೆ ಎರಡು ತಿಂಗಳಿಂದ ಅಭ್ಯಾಸ ಮಾಡಿಸುತ್ತಿದ್ದರು. ಅಜ್ಜಿ ಮೂರು ವರ್ಷದ ಹಿಂದೆ ತೀರಿಕೊಂಡಿದ್ದಳು, ಬೇರೆ ಮರಿ ಉಳಿದಿರಲಿಲ್ಲ. ಅವಳ ವಂಶ ಮುಂದುವರಿಯುವುದಿದ್ದರೆ ಕೂಸಿನಿಂದಲೇ. ನಮ್ಮ ನಿರ್ದೇಶಕಿ ಮೇಡಂ ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಭಾವ ನಿವೃತ್ತಿಯಾಗಲು ನಾಲ್ಕು ತಿಂಗಳಿತ್ತು. ಅವರು ಹೇಳಿಕೊಳ್ಳಲಿಲ್ಲ, ಹೆರಿಗೆ ಗೂಡಿನ ಹಲಗೆಗಳನ್ನು ಬಿಚ್ಚಿ ಒಂದೊಂದಾಗಿ ಉಜ್ಜಿ ಬಿಸಿಲಿಗೆ ಇಟ್ಟರು.

ನಾನು ಕೂಸಿನ ವಿವರದ ನಮೂನೆ ತುಂಬುತ್ತಿದ್ದೆ. ಹುಟ್ಟಿದ ಮೊದಲ ದಿನಗಳ ಬಗ್ಗೆ ಒಂದು ಅಂಕಣವಿತ್ತು. ರಿಜಿಸ್ಟರಿನಲ್ಲಿ ಆ ಎರಡು ವಾರ ಖಾಲಿ. ಗೊಣಗಿಕೊಂಡು ಕರಡಿಮನೆಗೆ ನಡೆದೆ. ಭಾವ ಕ್ಯಾರೆಟ್ ಕತ್ತರಿಸುತ್ತಿದ್ದರು.

"ಭಾವ, ಕೂಸು ಹುಟ್ಟಿದಾಗ ಮೊದಲ ಹತ್ತು ದಿನ ಹೇಗಿತ್ತು? ಏನಾದ್ರೂ ನೆನಪಿದ್ಯಾ, ಅದೂ ಗೋಡೆ ಪಾಲಾ?"

"ಎರಡೂ ಚೆನ್ನಾಗೇ ಹಾಲು ಕುಡೀತಿದ್ವು," ಎಂದರು.

"ಯಾವ ಎರಡು?"

"ಅಜ್ಜೀದೊಂದು, ಸಿಡುಕೀದೊಂದು."

ಭಾವ ಕ್ಯಾರೆಟ್ಟನ್ನೆಲ್ಲ ಬಕೆಟ್ಟಿಗೆ ತಳ್ಳಿ, ಕೈ ಒರೆಸಿಕೊಂಡು, ಯಾರ ಮನೆಯದೋ ಸುದ್ದಿ ಹೇಳುವವರ ಹಾಗೆ ಹೇಳಿದರು. ಸಿಡುಕಿ ಮರಿ ಹಾಕಿದವಳೇ ಅದನ್ನು ಹುಲ್ಲಿನಿಂದಾಚೆಗೆ ತಳ್ಳಿ ಗೋಡೆಗೆ ಮುಖ ಮಾಡಿ ಮಲಗಿದಳಂತೆ. ಬೆಳಗ್ಗೆ ಭಾವ ಹೋದಾಗ ಮರಿ ಕಿಂಡಿಯ ಹತ್ತಿರ ತಣ್ಣಗಾಗುತ್ತಿತ್ತಂತೆ. ಎತ್ತಿ ಅಂಗಿಯೊಳಗೆ ಹಾಕಿಕೊಂಡರು. ಅಜ್ಜಿಯ ಗೂಡಿನ ಹುಲ್ಲಿನಿಂದ ಅದರ ಮೈಯೆಲ್ಲ ಉಜ್ಜಿ, ಕಾಲಿಗೆ ಗಾಯದ ನೇರಳೆ ಔಷಧಿ ಹಚ್ಚಿ ಗುರುತು ಮಾಡಿ, ಅಜ್ಜಿ ಮಂಪರಿನಲ್ಲಿದ್ದಾಗ ಕಿಂಡಿಯಿಂದ ಒಳಗೆ ಬಿಟ್ಟರು. ಅಜ್ಜಿ ಮೂಸಿ ನೋಡಿ ಹತ್ತಿರ ಎಳೆದುಕೊಂಡಳು. ಗೋಡೆಗೆ ಕಿವಿಯಿಟ್ಟರೆ ಎರಡು ಸದ್ದು. ಒಂಬತ್ತನೇ ದಿನ ಒಂದೇ ಸದ್ದು. ಸತ್ತ ಮರಿಯನ್ನು ಅಜ್ಜಿಯೇ ಕಿಂಡಿಯ ಬಳಿ ತಂದಿಟ್ಟಿದ್ದಳು.

"ಸತ್ತದ್ದು ಯಾರದ್ದು?" ಎಂದೆ.

"ಅದೇ ಗೊತ್ತಾಗ್ಲಿಲ್ಲ. ಔಷಧಿ ಎಲ್ಲ ಅಜ್ಜಿ ನೆಕ್ಕಿಬಿಟ್ಟಿದ್ಲು. ಎರಡೂ ಹೆಣ್ಣೇ."

"ಡಾಕ್ಟರು ಸಿಡುಕಿ ಮರಿ ಅಂತ ಬರ್ದಿದ್ದಾರೆ."

"ಅವರು ಹಾಗೆ ಅಂದ್ಕೊಂಡ್ರು. ಗೋಡೆ ನೋಡಿ ಡಾಕ್ಟರೇ ಅಂದೆ, ಅವರಿಗೆ ಅರ್ಜೆಂಟಿತ್ತು."

"ನನಗೆ ಹೇಳೋಕೆ ಏನಾಗಿತ್ತು ನಿಮಗೆ? ಬಾಯಿಗೆ ಬೀಗ ಹಾಕಿತ್ತಾ?"

"ಬರ್ದಿದ್ದೆ," ಎಂದು ಭಾವ ಚಾಕುವಿನ ತುದಿಯಿಂದ ಗೋಡೆ ತೋರಿಸಿದರು.

ನಾನು ಅಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಎದುರು ಸಾಲಿನ ಕರಡಿಗಳೂ ಎದ್ದು ನಿಂತವು ಎಂದರೆ ಸಾಕು. ಬೈದು ಸುಸ್ತಾಗಿ ದಾಖಲೆ ಕೋಣೆಗೆ ಬಂದು ಆ ಚಳಿಗಾಲದ ಕಡತಗಳನ್ನೆಲ್ಲ ನೆಲಕ್ಕೆ ಸುರಿದೆ. ಎಲ್ಲೋ ಒಂದು ಚೀಟಿ, ಒಂದು ಗೀಚು ಸಿಕ್ಕೀತು ಎಂಬ ಆಸೆ. ಸಿಕ್ಕಿದ್ದು ದುರಸ್ತಿ ಕಡತದಲ್ಲಿ ನನ್ನದೇ ಮನವಿ, ನನ್ನದೇ ಸಹಿ. ಕೆಲಸ ಮುಗಿಯಿತು ಎಂದು ಸುಣ್ಣದವನು ಸಹಿ ಹಾಕಿದ ತಾರೀಖು, ಡಾಕ್ಟರು ಬರೆದ ಸಾವಿನ ಚೀಟಿಯ ಮರುದಿನದ್ದು. ನೀವು ಇದನ್ನು ಆಗಲೇ ಊಹಿಸಿರುತ್ತೀರಿ. ನನಗೆ ಆ ಕಾಗದ ನೋಡುವವರೆಗೆ ಹೊಳೆದಿರಲಿಲ್ಲ.

ಮೂರು ದಿನ ಯಾರಿಗೂ ಏನೂ ಹೇಳಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಕಾಗದದಲ್ಲಿ ಎಲ್ಲ ಸರಿಯಾಗಿತ್ತು. ಗಂಡು ಬರುತ್ತದೆ, ಕೂಸಿಗೆ ಮರಿಯಾಗುತ್ತದೆ, ಮೇಡಂ ಫೋಟೋ ತೆಗೆಸಿಕೊಳ್ಳುತ್ತಾರೆ, ಭಾವ ಹೂಮಾಲೆ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ನನ್ನ ಮನವಿ ದುರಸ್ತಿ ಕಡತದಲ್ಲಿ ತಣ್ಣಗೆ ಮಲಗಿರುತ್ತದೆ. ಕೂಸು ಅಜ್ಜಿಯದ್ದೇ ಇರಬಹುದಲ್ಲ, ಎರಡರಲ್ಲಿ ಒಂದು ಅಲ್ಲವೇ ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಮೂರನೇ ದಿನ ಅಕ್ಕನ ಮನೆಗೆ ಹೋದೆ. ಅಕ್ಕ ಬಟ್ಟೆ ಮಡಿಚುತ್ತಿದ್ದಳು.

"ನಿವೃತ್ತಿ ಆದ್ಮೇಲೂ ದಿನಾ ಬೆಳಿಗ್ಗೆ ಹೋಗ್ತಾರಂತೆ ಕಣೇ, ಕೂಸಿನ ಮರಿ ನೋಡೋಕೆ," ಎಂದಳು. "ಟಿಕೆಟ್ ತಗೊಂಡು ಹೋಗ್ಬೇಕಾಗತ್ತೆ ಅಂದೆ. ತಗೋತೀನಿ ಅಂದ್ರು. ನಮ್ಮ ಮಗಳು ಹುಟ್ಟಿದಾಗ ಇಷ್ಟು ಕುಣೀಲಿಲ್ಲ ಈ ಮನುಷ್ಯ."

ಅಕ್ಕ ಕೊಟ್ಟ ಕಾಫಿಯನ್ನು ಹಾಗೇ ಬಿಟ್ಟು ಎದ್ದೆ. ಆ ಕೂಸಿನ ಮರಿಗೆ ನಂಬರು ತರಿಸಿ ಬರೆಯಬೇಕಾದವಳು ನಾನು. ಅದರ ಮಕ್ಕಳಿಗೂ ಅದೇ ಸುಳ್ಳು ಹೋಗುತ್ತದೆ, ಇನ್ನೊಂದು ಮೃಗಾಲಯಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಮೂವತ್ತು ವರ್ಷ ಒಂದು ಅಂಕಿ ಆಚೀಚೆಯಾದರೆ ಊಟ ಬಿಟ್ಟು ಹುಡುಕಿದವಳು, ಈಗ ಗೊತ್ತಿದ್ದೂ ಗೊತ್ತಿದ್ದೂ ಬರೆಯಬೇಕು. ಆಗಲಿಲ್ಲ. ಮರುದಿನ ಬೆಳಗ್ಗೆ ಮೇಡಂಗೆ ಪತ್ರ ಬರೆದು ಕೊಟ್ಟೆ. ನಡೆದದ್ದನ್ನೆಲ್ಲ ಬರೆದೆ. ಒಂದು ವಾಕ್ಯ ಮಾತ್ರ ಹೀಗೆ ಬರೆದೆ: 'ಸದರಿ ಗೋಡೆಗೆ ನಂತರ ಸುಣ್ಣ ಬಳಿಯಲಾಗಿದ್ದು, ಟಿಪ್ಪಣಿ ಲಭ್ಯವಿಲ್ಲ.' ಯಾರು ಬಳಿಸಿದರು ಎಂದು ಬರೆಯಲಿಲ್ಲ. ಕಚೇರಿ ಭಾಷೆ ಇಂಥ ಹೊತ್ತಿಗೆ ಎಷ್ಟು ಅನುಕೂಲ.

ಗಂಡು ಕರಡಿಯ ಪ್ರಯಾಣ ನಿಂತಿತು. ಭಾವನಿಗೆ ನೋಟಿಸು ಬಂತು: ನೂರು ದಿನದ ನಿಯಮ ಮುರಿದದ್ದು ಏಕೆ, ದಾಖಲೆ ಬಚ್ಚಿಟ್ಟದ್ದು ಏಕೆ. ಮೂವತ್ತೆಂಟು ವರ್ಷದ ನೌಕರಿಯಲ್ಲಿ ಮೊದಲ ನೋಟಿಸು. ಉತ್ತರವನ್ನು ಕಾಗದದ ಮೇಲೆಯೇ ಬರೆಯಬೇಕಾಗಿ ಬಂತು. ನನ್ನ ಮೇಜಿನ ಮುಂದೆ ಕೂತು, ನನ್ನ ಪೆನ್ನು ತೆಗೆದುಕೊಂಡು ಬರೆದರು: 'ನಿಯಮ ಮುರಿದದ್ದು ನಿಜ. ಮರಿ ತಣ್ಣಗಾಗುತ್ತಿತ್ತು.' ಅಷ್ಟೇ. ಬಚ್ಚಿಟ್ಟ ಮಾತಿಗೆ ಉತ್ತರವೇ ಇಲ್ಲ.

"ಎರಡನೇದಕ್ಕೂ ಬರೀರಿ ಭಾವ. ಬಚ್ಚಿಡ್ಲಿಲ್ಲ ಅಂತ ಬರೀರಿ," ಎಂದೆ.

"ಇರ್ಲಿ ಬಿಡು."

"ಏನಿರ್ಲಿ? ಯಾವಾಗ್ಲೂ ಇರ್ಲಿ ಬಿಡು. ನಿಮ್ಮ ಈ ಇರ್ಲಿ ಬಿಡು ಇಂದಾನೇ ಇಷ್ಟೆಲ್ಲ ಆಗಿದ್ದು," ಎಂದು ರೇಗಿದೆ. ಯಾರಿಂದ ಆದದ್ದು ಎಂದು ಗೊತ್ತಿದ್ದೂ ರೇಗಿದೆ.

ಕೂಸು ಯಾರ ಮರಿ ಎಂದು ತಿಳಿಯುವ ಡಿಎನ್‌ಎ ಪರೀಕ್ಷೆಗೆ ಅದರ ಕೂದಲು ಬುಡ ಸಮೇತ ಬೇಕು ಎಂದು ಪರೀಕ್ಷೆಯವರು ಹೇಳಿದ್ದರು. ಭಾವ ಉದ್ದ ಕೋಲಿಗೆ ಬಾಚಣಿಗೆ ಕಟ್ಟಿ, ಸರಳಿನ ಸಂದಿಯಿಂದ ಕೂಸಿನ ಬೆನ್ನು ಬಾಚಿದರು. ಅದು ಕಣ್ಣು ಮುಚ್ಚಿ ಸರಳಿಗೆ ಒರಗಿ ನಿಂತಿತು, ಇನ್ನೂ ಬಾಚು ಎನ್ನುವ ಹಾಗೆ. ಐದು ವಾರ ಕಾದೆವು. ಆ ಐದು ವಾರ ನಾನು ಭಾವನ ಮುಖ ನೋಡಿ ಮಾತಾಡಲಿಲ್ಲ. ಅವರು ಅದನ್ನೂ ನನ್ನ ಸಿಟ್ಟು ಎಂದುಕೊಂಡರು. ಕರಡಿಮನೆಯಲ್ಲಿ ಉಳಿದವರು ಭಾವನ ಬೆನ್ನ ಹಿಂದೆ, ಹೆಸರು ಹಾಳಾಗುತ್ತೆ ಅಂತ ಮುದುಕ ಏಳು ವರ್ಷ ಮುಚ್ಚಿಟ್ಟಿದ್ದ ಎಂದು ಆಡಿಕೊಂಡರು. ನನ್ನ ಕಿವಿಗೂ ಬಿತ್ತು. ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆ. ಬೇರೆ ಎಲ್ಲದಕ್ಕೂ ಬಾಯಿ ಹಾಕುವವಳು ನಾನು, ನೆನಪಿರಲಿ.

ಫಲಿತಾಂಶ ಒಂದು ಮಧ್ಯಾಹ್ನ ಬಂತು. ಮೇಡಂ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೀವೇ ಹೋಗಿ ಹೇಳಿ," ಎಂದರು. ಕೈಯಲ್ಲಿ ಕಾಗದ ಹಿಡಿದು ಕರಡಿಮನೆಗೆ ಹೋದೆ. ಭಾವ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಚಾಕು ಮಸೆಯುತ್ತಿದ್ದರು.

"ಸಿಡುಕೀದು," ಎಂದೆ.

ಭಾವ ಚಾಕು ಕೆಳಗಿಟ್ಟರು. ಕೂಸಿಗೆ ಇನ್ನು ಗಂಡಿನ ಜೊತೆ ಇಲ್ಲ, ಮರಿಯಾಗದ ಹಾಗೆ ಇಂಜೆಕ್ಷನ್ ಕೊಡುತ್ತಾರೆ, ವಂಶಾವಳಿಯಿಂದ ನಂಬರು ತೆಗೆಯುತ್ತಾರೆ, ಹಿತ್ತಲ ಕಡೆಯ ಅಂಗಳಕ್ಕೆ ಕಳಿಸುತ್ತಾರೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವರು ಅದನ್ನೆಲ್ಲ ಕೇಳಿಸಿಕೊಂಡರೋ ಇಲ್ಲವೋ.

"ಹಾಗಾದ್ರೆ ಅವತ್ತು ಬಕೆಟ್ಟಲ್ಲಿ ಇದ್ದದ್ದು ಅಜ್ಜಿ ಮರಿ," ಎಂದರು. "ಅವಳೇ ತಂದು ಕಿಂಡಿ ಹತ್ರ ಇಟ್ಟಿದ್ಲು ಪುಟ್ಟಿ. ನನ್ನ ಕೈಗೆ ಕೊಡೋ ಹಾಗೆ. ತಂದದ್ದು ತನ್ನದನ್ನೇ ಅಂತ ನನಗೆ ಗೊತ್ತಾಗ್ಲಿಲ್ಲ. ನಾನು ತಂದ್ಹಾಕಿದ ಮರಿ ಅವಳ ಹಾಲು ಕುಡಿದು ಉಳೀತು, ಅವಳದ್ದು ಹೋಯ್ತು," ಎಂದರು. ಆಮೇಲೆ ಅತ್ತರು. ಮೂವತ್ತು ವರ್ಷದಲ್ಲಿ ಭಾವ ಅತ್ತದ್ದನ್ನು ನಾನು ನೋಡಿರಲಿಲ್ಲ. ತೋಳಿನಿಂದ ಮುಖ ಒರೆಸಿಕೊಳ್ಳುತ್ತಾ ಅತ್ತರು, ಕೈಯೆಲ್ಲ ಮೀನಿನ ವಾಸನೆ ಇತ್ತಲ್ಲ, ಅದಕ್ಕೆ.

ಇನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

"ಭಾವ, ಸುಣ್ಣ ಹೊಡೆಸಿದ್ದು ನಾನು. ಗೋಡೆ ಕೊಳಕಾಗಿದೆ ಅಂತ ಮನವಿ ಕೊಟ್ಟವಳು ನಾನೇ. ಕೊಳಕಿಗಲ್ಲ, ನಿಮ್ಮ ಮೇಲಿನ ಹಟಕ್ಕೆ. ಪತ್ರದಲ್ಲಿ ಅದನ್ನ ಬರೀಲಿಲ್ಲ. ನಿಮ್ಮ ಮೇಲೆ ಬರಲಿ ಅಂತ ಬಿಟ್ಟೆ."

"ಗೊತ್ತು," ಎಂದರು ಭಾವ.

"ಏನು ಗೊತ್ತು?"

"ಹೊಡೆಸಿದ್ದು ನೀನೇ ಅಂತ. ಸುಣ್ಣದವನು ಅವತ್ತೇ ಹೇಳ್ದ. ಬರ್ದಿದ್ದನ್ನ ಒಂದು ಕಾಗದಕ್ಕಾದ್ರೂ ಇಳಿಸ್ಕೊಳ್ತೀನಿ ತಡಿ ಅಂದೆ, ಅಷ್ಟೊತ್ತಿಗೆ ಅವನು ಅರ್ಧ ಬಳಿದಾಗಿತ್ತು."

ನನಗೆ ತಲೆ ಕೆಟ್ಟುಹೋಯಿತು. "ಹಾಗಾದ್ರೆ ನಾನು ಓದಿಲ್ಲ ಅಂತ ನಿಮಗೆ ಗೊತ್ತಿತ್ತು. ಎಲ್ಲೂ ಬರ್ದಿಲ್ಲ ಅಂತ ಗೊತ್ತಿತ್ತು. ಆದ್ರೂ ಏಳು ವರ್ಷ ಒಂದು ಮಾತು ಹೇಳ್ಲಿಲ್ಲ. ಯಾಕೆ ಭಾವ?"

ಭಾವ ಮೂಗು ಒರೆಸಿಕೊಂಡರು. ನನ್ನನ್ನು ನೋಡಲಿಲ್ಲ, ಗೋಡೆಯನ್ನು ನೋಡಿದರು.

"ನೀನು ಸಿಟ್ಟಲ್ಲಿದ್ದೆ. ಸಿಟ್ಟು ಇಳಿದ ಮೇಲೆ ಹೇಳೋಣ ಅಂದ್ಕೊಂಡೆ," ಎಂದರು. "ಇಳೀಲೇ ಇಲ್ಲ."

ಅಣಕವಿರಲಿಲ್ಲ ಅದರಲ್ಲಿ. ಸಿಡುಕಿಯ ಎಡಗಾಲಿನ ಬಗ್ಗೆ ಹೇಳುವಾಗ ಯಾವ ಧ್ವನಿಯೋ ಅದೇ ಧ್ವನಿ. ಆಮೇಲೆ ಇನ್ನೂ ಹೇಳಿದರು: ಆ ವರ್ಷ ಎರಡು ಸಲ ಬಂದಿದ್ದರಂತೆ ದಾಖಲೆ ಕೋಣೆಯ ಬಾಗಿಲಿಗೆ. ಒಂದು ಸಲ ನಾನು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದೆನಂತೆ, ಇನ್ನೊಂದು ಸಲ ಅವರನ್ನೇ ಬೈದೆನಂತೆ, ಬೂಟಿನ ಕೆಸರು ತಂದರೆಂದು. ಹಾಗೇ ದಿನ ಕಳೆಯಿತು, ಕೂಸು ದೊಡ್ಡದಾಯಿತು, ಯಾವುದಾದರೇನು ಬದುಕಿದೆಯಲ್ಲ ಎಂದು ಸುಮ್ಮನಾದರು.

ನಾನು ಬಾಯಿ ತೆರೆದೆ. ಬೈಯಬೇಕೆಂದೇ ತೆರೆದದ್ದು, ಮಾತೂ ಸಿದ್ಧವಾಗಿತ್ತು. ಅಷ್ಟರಲ್ಲಿ ಭಾವನ ಹೆಗಲು ಒಂಚೂರು ಮೇಲೇರಿದ್ದು ಕಂಡಿತು. ಮಳೆ ಹನಿ ಬೀಳುತ್ತದೆ ಎಂದಾಗ ಯಾರಾದರೂ ಕತ್ತು ಒಳಗೆಳೆದುಕೊಳ್ಳುತ್ತಾರಲ್ಲ, ಹಾಗೆ. ಎಷ್ಟು ವರ್ಷದಿಂದ ನನ್ನೆದುರು ಹಾಗೆ ಕೂರುತ್ತಿದ್ದರೋ, ನಾನು ನೋಡಿದ್ದು ಅವತ್ತೇ.

ಬಾಯಿ ಮುಚ್ಚಿದೆ. ಇನ್ನೊಂದು ಬಕೆಟ್ಟನ್ನು ಬೋರಲು ಹಾಕಿ ಅವರ ಪಕ್ಕದಲ್ಲಿ ಕೂತೆ. ಕೈಯಲ್ಲಿದ್ದ ಕಾಗದದ ಹಿಂಭಾಗಕ್ಕೆ 'ಗೋಡೆಗೆ ಸುಣ್ಣ ಬಳಿಸಿದವಳು ನಾನು, ಬಚ್ಚಿಟ್ಟವರು ಅವರಲ್ಲ' ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕಿದೆ.

"ಭಾವ," ಎಂದೆ, ನನ್ನ ಕೈಲಾದಷ್ಟು ಮೆಲ್ಲಗೆ. "ಇನ್ನೂ ಏನಾದ್ರೂ ಹೇಳ್ದೆ ಇಟ್ಕೊಂಡಿದ್ದೀರಾ?"

ಭಾವ ಯೋಚಿಸಿದರು.

"ಸುಮಾರಿದೆ," ಎಂದರು.

ನಾನು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟೆ, ಕೈ ಕಟ್ಟಿಕೊಂಡು ಕೂತೆ.